‘ಕಾಪ್ಸ್’ ಅಂದರೆ ತೋಪು ಅಂತ ಬರೆದರೆ ಸಾಕಾ?

ತರ್ಜುಮೆ ಮೇಜು

19ನೇ ಶತಮಾನದ ಇಂಗ್ಲೆಂಡಿನ ಹ್ಯಾಂಪ್‌ಶೈರ್ ಹಳ್ಳಿಗಾಡಿನ ಬಗ್ಗೆ ಇರುವ ಒಂದು ಇಂಗ್ಲಿಷ್ ಬರಹ ಕನ್ನಡಕ್ಕೆ ಬರಬೇಕಿದೆ. ಅದರಲ್ಲಿ ‘ಕಾಪ್ಸ್’ ಅನ್ನೋ ಪದ ಮೂರು ಕಡೆ ಇದೆ. ನಿಘಂಟು ನೋಡಿದರೆ ‘ಸಣ್ಣ ಕಾಡು, ತೋಪು, ಪೊದೆಗಾಡು’ ಅಂತ ಮೂರನ್ನೂ ಒಟ್ಟಿಗೆ ಕೊಟ್ಟು ಕೈತೊಳೆದುಕೊಂಡಿದೆ. ಸದ್ಯದ ಕರಡಿನಲ್ಲಿ ಎಲ್ಲ ಕಡೆ ‘ತೋಪು’ ಅಂತಲೇ ಹಾಕಿದ್ದೇನೆ. ವಾಕ್ಯಗಳ ಸಾರ ಹೀಗಿದೆ:

ಅ) ಗುಡ್ಡದ ಮೇಲಿಂದ ನೋಡಿದರೆ ಹೊಲಗಳ ನಡುವೆ ಒಂದು ಕಾಪ್ಸ್ ಕಾಣುತ್ತದೆ.
ಆ) ಚಳಿಗಾಲ ಶುರುವಾದ್ದರಿಂದ ಆಳುಗಳೆಲ್ಲ ಕಾಪ್ಸ್‌ನಲ್ಲಿ ಕೆಲಸಕ್ಕೆ ಹೋಗಿದ್ದಾರೆ.
ಇ) ಕಾಪ್ಸ್‌ಗೆ ಆ ವರ್ಷ ಏಳು ತುಂಬಿತ್ತು, ಹಾಗಾಗಿ ಹರಾಜಿಗೆ ಬಂತು.

ಮೂರನೆಯದು ತಲೆಗೇ ಹತ್ತುತ್ತಿಲ್ಲ. ಏಳು ವರ್ಷದ ತೋಪನ್ನು ಹರಾಜಿನಲ್ಲಿ ಕೊಂಡು ಯಾರು ಏನು ಮಾಡುತ್ತಾರೆ? ಮರ ತೊಡೆ ಗಾತ್ರವೂ ಆಗಿರೋದಿಲ್ಲ. ಇನ್ನೂ ವಿಚಿತ್ರ ಅಂದರೆ, ಅದೇ ಬರಹದಲ್ಲಿ ಮುಂದೆ ಆ ಕಾಪ್ಸ್ ‘ನೂರಾರು ವರ್ಷ ಹಳೆಯದು’ ಅಂತಲೂ ಇದೆ.

ಪದಕೋಶ ಪ್ರಿಯ

ಏಳು ವರ್ಷ, ನೂರಾರು ವರ್ಷ, ಎರಡೂ ಸರಿ. ‘ಕಾಪ್ಸ್’ ಅನ್ನೋದು ‘ಕಾಪಿಸ್’ ಎಂಬ ಪದದ ಸವೆದ ರೂಪ, ನಡುವಿನ ಸ್ವರ ಬಿದ್ದುಹೋಗಿದೆ. ಕಾಪಿಸ್ ಬಂದದ್ದು ಹಳೆಯ ಫ್ರೆಂಚ್‌ನಿಂದ. ಅದರ ಬೇರು ‘ಕಡಿ’ ಅನ್ನೋ ಅರ್ಥದ ‘ಕುಪೇ’ ಧಾತು. ಅದರ ಹಿಂದೆ ಲ್ಯಾಟಿನ್, ಇನ್ನೂ ಹಿಂದೆ ಹೋದರೆ ಕಪಾಳಕ್ಕೆ ಬಿಗಿಯುವುದು ಅನ್ನೋ ಅರ್ಥದ ಗ್ರೀಕ್ ಪದ. ನಮ್ಮ ರೇಷನ್ ಅಂಗಡಿಯ ‘ಕೂಪನ್’ ಕೂಡ ಇದೇ ಮನೆತನದ್ದು: ಕತ್ತರಿಸಿ ಕೊಡುವ ಚೀಟಿ.

ಅಂದರೆ ಪದದ ಹೊಟ್ಟೆಯಲ್ಲಿ ಮರ ಇಲ್ಲ, ಕಾಡೂ ಇಲ್ಲ, ‘ಕಡಿತ’ ಇದೆ. ಬುಡದ ಹತ್ತಿರ ಕಡಿದು, ಚಿಗುರು ಬರಿಸಿ, ಆ ಚಿಗುರು ಗಳವಾದಾಗ ಮತ್ತೆ ಕಡಿಯುವ ಕಾಡು. ಏಳು ವರ್ಷ ಅನ್ನೋದು ಹಿಂದಿನ ಕಡಿತದಿಂದ ಎಣಿಸಿದ್ದು. ನೂರಾರು ವರ್ಷ ಅನ್ನೋದು ಬುಡದ ವಯಸ್ಸು.

ಬೊಡ್ಡೆ ಚಿಗುರು

ಮೇಲಿನವರ ಮಾತಿಗೆ ಒಂದು ಸೇರಿಸುತ್ತೇನೆ. ನಮ್ಮ ಅರಣ್ಯ ಇಲಾಖೆಯವರು, ನಾಟಾ ವ್ಯಾಪಾರಿಗಳು ‘ಕೂಪು’ ಅನ್ನುತ್ತಾರಲ್ಲ, ‘ಈ ವರ್ಷದ ಕೂಪು’, ‘ಕೂಪು ಹರಾಜು’ ಅಂತ, ಅದೂ ಇದೇ ಫ್ರೆಂಚ್ ಪದ. ಒಂದು ವರ್ಷದಲ್ಲಿ ಕಡಿಯಲು ಗುರುತು ಹಾಕಿದ ಕಾಡಿನ ಪಟ್ಟೆಗೆ ಕೂಪು. ಇದು ಸಂಸ್ಕೃತದ ಬಾವಿಯಲ್ಲ. 1860ರ ದಶಕದ ಕೊನೆಯಿಂದ ಸುಮಾರು ಎರಡು ದಶಕ ಭಾರತದ ಅರಣ್ಯ ಸೇವೆಗೆ ಬರುವ ಬ್ರಿಟಿಷ್ ಅಧಿಕಾರಿಗಳಿಗೆ ಫ್ರಾನ್ಸಿನ ನಾನ್ಸಿ ಊರಿನ ಅರಣ್ಯ ಶಾಲೆಯಲ್ಲಿ ತರಬೇತಿ ಕೊಡುತ್ತಿದ್ದರು. ಅಲ್ಲಿನ ಪರಿಭಾಷೆ ಇಲ್ಲಿನ ಕಡತಕ್ಕೆ ಇಳಿಯುವುದು ಸಹಜವೇ.

ಹಾಗಾಗಿ (ಇ) ವಾಕ್ಯ ಕನ್ನಡದವರಿಗೆ ನಿಜಕ್ಕೂ ಅಪರಿಚಿತವಲ್ಲ. ‘ಆ ಕೂಪು ಏಳನೇ ವರ್ಷಕ್ಕೆ ಕಡಿತಕ್ಕೆ ಬಂದಿತ್ತು, ಹರಾಜು ಹಾಕಿದರು’ ಅಂದರೆ ಶಿರಸಿ, ಭದ್ರಾವತಿ ಕಡೆಯ ಹಿರಿಯರಿಗೆ ಥಟ್ಟನೆ ತಿಳಿಯುತ್ತದೆ.

ನೇರ ಮಾತು

ಇಷ್ಟೆಲ್ಲ ಬೇಕಾ? ಇಂದಿನ ಇಂಗ್ಲಿಷ್‌ನಲ್ಲಿ ಕಾಪ್ಸ್ ಅಂದರೆ ಹೊಲದ ನಡುವೆ ಇರೋ ಮರಗಳ ಗುಂಪು, ಅಷ್ಟೇ. ಕಡಿತ ಗಿಡಿತ ಯಾರ ತಲೆಯಲ್ಲೂ ಇರೋದಿಲ್ಲ. ಪದದ ಬೇರು ಹಿಡಿದು ಅರ್ಥ ಹೇಳೋದು ಶುದ್ಧ ತಪ್ಪು. ‘ತೋಪು’ ಚೆನ್ನಾಗಿಯೇ ಇದೆ.

ಪದಕೋಶ ಪ್ರಿಯ

ಇಂದಿನ ಬಳಕೆಗೆ ನಿಮ್ಮ ಮಾತು ಒಪ್ಪಿದೆ. ಪತ್ರಿಕೆಯಲ್ಲಿ ‘ಕಾರು ಕಾಪ್ಸ್ ಬಳಿ ಸಿಕ್ಕಿತು’ ಅಂತ ಬಂದರೆ ಅದು ಬರೀ ಮರಗಳ ಗುಂಪೇ. ಆದರೆ ಪ್ರಶ್ನೆ ಇರೋದು 19ನೇ ಶತಮಾನದ ಹ್ಯಾಂಪ್‌ಶೈರ್ ಬಗ್ಗೆ. ಆಗ, ಆ ಜಾಗದಲ್ಲಿ, ಕಡಿತದ ಅರ್ಥ ಜೀವಂತವಾಗಿತ್ತು. ವಾಕ್ಯ (ಆ), (ಇ) ಎರಡೂ ಅದಿಲ್ಲದೆ ನಿಲ್ಲೋದೇ ಇಲ್ಲ. (ಅ) ಮಾತ್ರ ನಿಮ್ಮ ಕಡೆ.

‘ತೋಪು’ ಬಗ್ಗೆಯೂ ಒಂದು ಮಾತು. ಆ ಪದ ಬ್ರಿಟಿಷರ ಭಾರತೀಯ ಇಂಗ್ಲಿಷ್‌ಗೇ ‘ಟೋಪ್’ ಅಂತ ಹೋಗಿ ಸೇರಿಕೊಂಡಿತ್ತು. ದಕ್ಷಿಣದ ಮಾವಿನ ತೋಪು, ತೆಂಗಿನ ತೋಪು ಅವರಿಗೆ ‘ಗ್ರೋವ್’ ಥರ ಕಂಡವು, ‘ಕಾಪ್ಸ್’ ಥರ ಅಲ್ಲ. ತೋಪಿನಲ್ಲಿ ಮರ ದೊಡ್ಡದು, ಕೆಳಗೆ ನೆಲ ಬಯಲು, ದನ ಮಲಗುತ್ತವೆ, ಜಾತ್ರೆಯ ಗಾಡಿ ಬಿಡುತ್ತಾರೆ. ಕಾಪ್ಸ್ ಇದಕ್ಕೆ ಪೂರಾ ಉಲ್ಟಾ: ಕೆಳಗೆ ಕೈಯಾಡಿಸಲು ಜಾಗವಿಲ್ಲದಷ್ಟು ಕೋಲುಗಳು, ಮೇಲೆ ಅಲ್ಲಲ್ಲಿ ಒಂದೊಂದು ದೊಡ್ಡ ಮರ. ದನ ಒಳಗೆ ಹೋದರೆ ಕಾಪ್ಸ್ ಕಥೆ ಮುಗಿದಂತೆ.

ಸಸೆಕ್ಸ್ ಸೋಮಾರಿ

ಕೊನೆಯ ವಾಕ್ಯ ಲಕ್ಷ ರೂಪಾಯಿಯದ್ದು. ಕೆಲಸದ ವಿವರ ಗೊತ್ತಿದ್ದರೆ ಅನುವಾದದಲ್ಲಿ ಅರ್ಧ ತಪ್ಪು ತಾನಾಗಿ ತಪ್ಪುತ್ತದೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ದಕ್ಷಿಣ ಇಂಗ್ಲೆಂಡಿನ ಕಾಪ್ಸ್‌ಗಳಲ್ಲಿ ಮುಖ್ಯ ಗಿಡ ಹೇಜಲ್ (ಚಾಕೊಲೇಟಿನಲ್ಲಿ ಬರುವ ಬೀಜ ಇದರದ್ದೇ). 7ರಿಂದ 10 ವರ್ಷಕ್ಕೊಮ್ಮೆ ಕಡಿತ. ಸ್ವೀಟ್ ಚೆಸ್ಟ್‌ನಟ್ ಆದರೆ ಬೇಲಿ ಗೂಟಕ್ಕೆ 12ರಿಂದ 20 ವರ್ಷ. ಓಕ್ ಆದರೆ 20ರಿಂದ 35 ವರ್ಷ. ಅದರ ತೊಗಟೆ ಚರ್ಮ ಹದ ಮಾಡಲು ಹೋಗುತ್ತಿತ್ತು. ಬುಟ್ಟಿ ಹೆಣೆಯುವ ವಿಲ್ಲೊ ಜಾತಿಗೆ ಪ್ರತಿ ವರ್ಷವೂ ಕತ್ತಿ ಬೀಳುತ್ತದೆ.

ಕೆಲಸ ಎಲೆ ಉದುರಿದ ಮೇಲೆ, ನವೆಂಬರ್‌ನಿಂದ ಮಾರ್ಚ್ ಒಳಗೆ. ಮೊದಲು ಮುಳ್ಳುಬಳ್ಳಿ ಸವರಿ ಬುಡ ಕಾಣುವಂತೆ ಮಾಡಬೇಕು. ಹೊರ ಅಂಚಿನ ಕೋಲುಗಳಿಂದ ಶುರುಮಾಡಿ ಒಳಕ್ಕೆ ಹೋಗುವುದು. ನೆಲದಿಂದ 5-10 ಸೆಂ.ಮೀ. ಎತ್ತರದಲ್ಲಿ, ಹೊರಕ್ಕೆ ಇಳಿಜಾರಾಗುವಂತೆ ಓರೆ ಏಟು. ನೀರು ನಿಲ್ಲದೆ ಜಾರಿಹೋಗಬೇಕು, ತೊಗಟೆ ಸೀಳಿ ಕೆಳಕ್ಕೆ ಹರಿಯಬಾರದು. ಆಯುಧ ಬಿಲ್‌ಹುಕ್. ಮಲೆನಾಡಿನ ತುದಿ ಬಾಗಿದ ಕತ್ತಿಯನ್ನು ನೆನೆಸಿಕೊಳ್ಳಿ, ಹೆಚ್ಚುಕಡಿಮೆ ಅದೇ. ಕಡಿದ ಕೋಲುಗಳನ್ನು ಅಲ್ಲೇ ಜಾತಿ, ಉದ್ದ, ದಪ್ಪ ನೋಡಿ ಬೇರೆ ಬೇರೆ ರಾಶಿ ಹಾಕಿ, ವಸಂತದಲ್ಲಿ ಚಿಗುರು ಏಳುವ ಮುಂಚೆ ಎಲ್ಲ ಹೊರಗೆ ಸಾಗಿಸಬೇಕು. ತಡವಾದರೆ ಗಾಡಿ ಚಕ್ರ, ಕಾಲ್ತುಳಿತಕ್ಕೆ ಎಳೆ ಚಿಗುರು ಮುರಿಯುತ್ತದೆ.

ಮೊದಲ ಬೇಸಿಗೆಯಲ್ಲೇ ಚಿಗುರು ಒಂದೂವರೆ ಮೀಟರ್ ಏಳುವುದುಂಟು. ಒಂದು ಬುಡಕ್ಕೆ ಹತ್ತಾರು ಬರುತ್ತವೆ, ಆಮೇಲೆ ಬೆಳಕಿಗೆ ಪೈಪೋಟಿ ಬಿದ್ದು ಬಲವಿಲ್ಲದವು ತಾವಾಗಿ ಸಾಯುತ್ತವೆ. ಒತ್ತಾಗಿದ್ದಷ್ಟೂ ಕೋಲು ನೇರ. ಒಳ್ಳೆಯ ಹೇಜಲ್ ಕಾಪಿಸ್‌ನಲ್ಲಿ ಹೆಕ್ಟೇರಿಗೆ 1,500ರಿಂದ 2,000 ಬುಡ ಇರಬೇಕು ಅನ್ನೋ ಲೆಕ್ಕ ಇದಕ್ಕೇ. ಬುಡ ದೂರ ದೂರ ಇದ್ದರೆ ಕೋಲು ಪಕ್ಕಕ್ಕೆ ಬಾಗಿ, ಕವಲೊಡೆದು, ಸೌದೆಗೆ ಮಾತ್ರ ಲಾಯಕ್ಕಾಗುತ್ತದೆ.

ಇನ್ನು ಏಳು ವರ್ಷದ ಹರಾಜು. ಕಾಪ್ಸ್ 21 ಎಕರೆ ಇದ್ದರೆ ಅದನ್ನು ಏಳು ಪಟ್ಟೆ ಮಾಡಿ ವರ್ಷಕ್ಕೆ 3 ಎಕರೆ ಕಡಿಯುವುದು. ಎಂಟನೇ ವರ್ಷ ಮೊದಲ ಪಟ್ಟೆ ಮತ್ತೆ ಸಿದ್ಧ. ಹರಾಜಿನಲ್ಲಿ ಮಾರಾಟವಾಗುತ್ತಿದ್ದುದು ನೆಲವಲ್ಲ, ನಿಂತ ಕೋಲುಗಳು. ಕೊಂಡವನು ಇಂಥ ದಿನದೊಳಗೆ ಕಡಿದು ಖಾಲಿ ಮಾಡಬೇಕು, ದೊಡ್ಡ ಮರ ಮುಟ್ಟಬಾರದು. ಯಾರು ಕೊಳ್ಳುತ್ತಿದ್ದರು ಅಂದರೆ ಕುರಿ ಕೂಡಲು ತಟ್ಟಿ ಹೆಣೆಯುವವರು, ಹುಲ್ಲಿನ ಸೂರಿಗೆ ಕಡ್ಡಿ ಸೀಳುವವರು, ಇದ್ದಿಲು ಸುಡುವವರು, ಬೇಕರಿ ಒಲೆಗೆ ಕಟ್ಟಿಗೆ ಹೊರೆ ಮಾರುವವರು. ಇವರಿಗೆ ತೊಡೆ ಗಾತ್ರದ ಮರ ಬೇಡವೇ ಬೇಡ, ಹೆಬ್ಬೆರಳಿನಿಂದ ಮುಂಗೈ ಗಾತ್ರದ ಕೋಲು ಬೇಕು.

ಹಿಪ್ಪುನೇರಳೆ

ಕೋಲಾರ, ರಾಮನಗರದ ಕಡೆ ಕಡ್ಡಿ ತೋಟಕ್ಕೆ ವರ್ಷಕ್ಕೊಮ್ಮೆ ಬುಡ ಕತ್ತರಿಸುತ್ತೇವಲ್ಲ, ನೆಲದಿಂದ 10-15 ಸೆಂ.ಮೀ. ಬಿಟ್ಟು? ಅದೂ ತತ್ವದಲ್ಲಿ ಕಾಪಿಸ್ ತಾನೇ? ಹಾಗಾದರೆ ಹಿಪ್ಪುನೇರಳೆ ತೋಟವನ್ನು ಕಾಪ್ಸ್ ಅನ್ನಬಹುದಾ?

ಬೊಡ್ಡೆ ಚಿಗುರು

ಕ್ರಿಯೆ ಅದೇ, ಜಾಗದ ಹೆಸರು ಆಗಲ್ಲ. ಇಂಗ್ಲಿಷ್‌ನಲ್ಲಿ ಕಾಪಿಸ್ ಕ್ರಿಯಾಪದವೂ ಹೌದು, ನಾಮಪದವೂ ಹೌದು. ‘ಹಿಪ್ಪುನೇರಳೆಯನ್ನು ಕಾಪಿಸ್ ಮಾಡುತ್ತಾರೆ’ ಸರಿ. ಕಾಪ್ಸ್ ಮಾತ್ರ ಬರೀ ನಾಮಪದ, ಅದಕ್ಕೆ ‘ಕಾಡು’ ಅನ್ನೋ ಭಾವ ಬೇಕೇ ಬೇಕು. ಸಾಲು ಹಿಡಿದು ನೆಟ್ಟ ಬೆಳೆಗೆ ಒಗ್ಗಲ್ಲ.

ಹಾಗೇ ಯಾಕೆ ಚಿಗುರುತ್ತದೆ ಅನ್ನೋದನ್ನೂ ಹೇಳಿಬಿಡುತ್ತೇನೆ. ತೊಗಟೆಯ ಕೆಳಗೆ ಮಲಗಿದ ಮೊಗ್ಗುಗಳಿರುತ್ತವೆ. ಮೇಲಿನ ತುದಿ ಇರುವ ತನಕ ಅದರಿಂದ ಇಳಿಯುವ ಆಕ್ಸಿನ್ ಎಂಬ ಹಾರ್ಮೋನು ಅವನ್ನು ಏಳಲು ಬಿಡುವುದಿಲ್ಲ. ತುದಿ ಹೋಯಿತು, ಮೊಗ್ಗು ಎದ್ದಿತು. ಅದಕ್ಕೆ ಬೇಕಾದ ಆಹಾರ ಬೇರಿನಲ್ಲಿ ಕೂಡಿಟ್ಟ ಪಿಷ್ಟ. ಇಂಗ್ಲೆಂಡಿನಲ್ಲಿ ಚಳಿಗಾಲದ ಕಡಿತ ಯಾಕೆ ಅಂದರೆ, ಆಗ ಗಂಟು ಬೇರಿನಲ್ಲಿರುತ್ತದೆ. ಎಲೆ ಬಿಟ್ಟ ಮೇಲೆ ಕಡಿದರೆ ಗಂಟು ಎಲೆಯ ಜೊತೆ ಹೊರಟುಹೋಯಿತು, ಚಿಗುರು ಸೊರಗುತ್ತದೆ.

ನಮ್ಮಲ್ಲಿ ನೀಲಗಿರಿಗೆ ಲೆಕ್ಕ ಬೇರೆ. ಬಿರುಬೇಸಿಗೆಯಲ್ಲಿ ಕಡಿದರೆ ಬೊಡ್ಡೆಯ ತೊಗಟೆ ಒಣಗಿ ಬಿಡಿಸಿಕೊಳ್ಳುತ್ತದೆ, ಮೊಗ್ಗು ಅಲ್ಲೇ ಸತ್ತುಹೋಗುತ್ತದೆ. ಕೊಡಲಿಯ ಒರಟು ಏಟಿಗೂ ಇದೇ ಗತಿ, ಅದಕ್ಕೇ ಗರಗಸ ಮೇಲು. ಬೊಡ್ಡೆ 10-15 ಸೆಂ.ಮೀ. ಇರಲಿ. ಎತ್ತರ ಬಿಟ್ಟರೆ ಚಿಗುರು ಬೊಡ್ಡೆಯ ನೆತ್ತಿಯಲ್ಲಿ ಬಂದು ಗಾಳಿಗೆ ಸೀಳಿ ಬೀಳುತ್ತದೆ. ಬಂದ ಚಿಗುರಿನಲ್ಲಿ ಎದುರುಬದುರಾಗಿ ಎರಡೋ ಮೂರೋ ಬಿಟ್ಟು ಉಳಿದವನ್ನು ಸವರದಿದ್ದರೆ ಕೊನೆಗೆ ಸೌದೆಯೇ ಗತಿ, ಗಳ ಸಿಗುವುದಿಲ್ಲ.

ಎಲ್ಲ ಮರವೂ ಹೀಗೆ ಏಳುವುದಿಲ್ಲ. ತೇಗ, ಹೊಂಗೆ, ಬೇವು, ಸುಬಾಬುಲ್, ಗ್ಲಿರಿಸಿಡಿಯ ಏಳುತ್ತವೆ. ಗಾಳಿಮರದಲ್ಲಿ ನೆಚ್ಚುವಂತಿಲ್ಲ, ಅಕೇಶಿಯಾ ಆರಿಕುಲಿಫಾರ್ಮಿಸ್‌ನಲ್ಲೂ ಕಷ್ಟ. ಪೈನ್ ಜಾತಿಯ ಸೂಚಿಪರ್ಣಿಗಳು ಬಹುಪಾಲು ಸತ್ತೇ ಹೋಗುತ್ತವೆ. ಹಾಗಾಗಿ ಅನುವಾದದಲ್ಲಿ ಎಲ್ಲಾದರೂ ‘ಪೈನ್ ಕಾಪ್ಸ್’ ಅಂತ ಬಂದರೆ ಅಲ್ಲಿ ಕಡಿತದ ಅರ್ಥ ಇಲ್ಲ ಅಂತ ಧೈರ್ಯವಾಗಿ ತಿಳಿಯಬಹುದು, ಅದು ಬರೀ ಮರಗುಂಪು.

ನೇರ ಮಾತು

ಪೈನ್ ಪರೀಕ್ಷೆ ಚೆನ್ನಾಗಿದೆ, ಅದನ್ನು ಒಪ್ಪಿದೆ.

ತರ್ಜುಮೆ ಮೇಜು

ಎಲ್ಲರಿಗೂ ಧನ್ಯವಾದ. ಈಗ ಬೇರೆ ವಾಕ್ಯಗಳೂ ಬಿಚ್ಚಿಕೊಳ್ಳುತ್ತಿವೆ. ಇದೇ ಬರಹದಲ್ಲಿ ‘ಓಲ್ಡ್ ಹೇಜಲ್ ಸ್ಟೂಲ್ಸ್’ ಅಂತ ಇದೆ. ‘ಹೇಜಲ್ ಮರದ ಹಳೆಯ ಪೀಠಗಳು’ ಅಂತ ಬರೆದಿದ್ದೆ. ಕಾಡಿನಲ್ಲಿ ಪೀಠ ಯಾಕೆ ಬಂತು ಅಂತ ಅನುಮಾನ ಬಂದರೂ ಮುಂದೆ ಹೋಗಿಬಿಟ್ಟಿದ್ದೆ.

ಪದಕೋಶ ಪ್ರಿಯ

ಪುಣ್ಯಕ್ಕೆ ಪೀಠ ಅಂದಿರಿ. ಯಂತ್ರಾನುವಾದಕ್ಕೆ ಕೊಟ್ಟರೆ ಲ್ಯಾಬಿನಲ್ಲಿ ಪರೀಕ್ಷೆಗೆ ಕೊಡುವ ಸ್ಟೂಲ್ ಕೂಡ ಬರಬಹುದು.

ಈ ಕಸುಬಿನ ಮಾತುಗಳು ಹೊರಗೆ ಸಾಮಾನ್ಯ ಪದದಂತೆ ಕಂಡು ಒಳಗೆ ಬೇರೆಯೇ ಇರುತ್ತವೆ. ಸ್ಟೂಲ್ ಅಂದರೆ ಮತ್ತೆ ಮತ್ತೆ ಕಡಿಸಿಕೊಂಡು ಅಗಲವಾದ ಬುಡ, ಕನ್ನಡದಲ್ಲಿ ಬೊಡ್ಡೆ. ಸ್ಟ್ಯಾಂಡರ್ಡ್ ಅಂದರೆ ಕೋಲುಗಳ ನಡುವೆ ನಾಟಾಕ್ಕೆ ಅಂತ ಬಿಟ್ಟ ದೊಡ್ಡ ಮರ, ಹೆಚ್ಚಾಗಿ ಓಕ್. ಇದನ್ನು ‘ಮಾನಕ’ ಅಂತ ಮಾಡಿದವರುಂಟು. ಮೇಡನ್ ಅಂದರೆ ಕನ್ಯೆಯಲ್ಲ, ಬೀಜದಿಂದ ಹುಟ್ಟಿ ಒಮ್ಮೆಯೂ ಕತ್ತಿ ಕಾಣದ ಮರ. ಅಂಡರ್‌ವುಡ್ ಅಂದರೆ ದೊಡ್ಡ ಮರದ ಕೆಳಗಿನ ಕೋಲುಗಾಡು, ಟೈಪ್‌ರೈಟರ್ ಕಂಪನಿಯಲ್ಲ. ಸ್ಪ್ರಿಂಗ್ ಅಂತ ಬಂದರೆ ತುಂಬಾ ಹುಷಾರು, ಉತ್ತರ ಇಂಗ್ಲೆಂಡಿನಲ್ಲಿ ಕಾಪಿಸ್ ಕಾಡಿಗೇ ‘ಸ್ಪ್ರಿಂಗ್’ ಅನ್ನುತ್ತಾರೆ. ಚಿಗುರಿ ಏಳುವುದು ಅನ್ನೋ ಅರ್ಥದಿಂದ. ಅದು ವಸಂತವೂ ಅಲ್ಲ, ಒರತೆಯೂ ಅಲ್ಲ. ಕ್ಯಾಂಟ್ ಅಂದರೆ ವರ್ಷದ ಪಟ್ಟೆ, ಮೇಲೆ ಹೇಳಿದ ನಮ್ಮ ಕೂಪು.

ಪೊಲಾರ್ಡ್ ಅನ್ನೋದು ಬೇರೆ. ಕಡಿತ ಅಲ್ಲೂ ಇದೆ, ಆದರೆ ನೆಲದ ಹತ್ತಿರ ಅಲ್ಲ, ಎರಡು ಮೂರು ಮೀಟರ್ ಎತ್ತರದಲ್ಲಿ. ದನ, ಜಿಂಕೆ ಬಾಯಿ ಎಟುಕದಿರಲಿ ಅಂತ.

ಸಿರ್ಸಿ ಸೊಪ್ಪು

ಅದು ನಮ್ಮ ಸೊಪ್ಪಿನ ಬೆಟ್ಟದ ಥರ ಆಯ್ತು. ಅಡಿಕೆ ತೋಟಕ್ಕೆ ಸೊಪ್ಪು ಬೇಕು ಅಂತ ಬೆಟ್ಟದ ಮರ ಹತ್ತಿ ಕೊಂಬೆ ಸವರುತ್ತಾರೆ, ಮರ ನಿಂತೇ ಇರುತ್ತದೆ, ವರ್ಷ ಬಿಟ್ಟು ಮತ್ತೆ ಸೊಪ್ಪು. ಹೊರಗಿನವರು ಬಂದು ನೋಡಿದರೆ ಬೋಳು ಮರಗಳ ವಿಕಾರ ಕಾಡು, ಒಳಗಿನವರಿಗೆ ಲೆಕ್ಕವಿಟ್ಟ ಆಸ್ತಿ. ಹಾಗಾದರೆ ಕಾಪ್ಸ್‌ಗೆ ‘ಬೆಟ್ಟ’ ಅಂದರೆ?

ಬೊಡ್ಡೆ ಚಿಗುರು

ಉತ್ತರ ಕನ್ನಡದ ಆಚೆಗೆ ‘ಬೆಟ್ಟ’ ಅಂದರೆ ಎಲ್ಲರೂ ಗುಡ್ಡವೇ ಅಂದುಕೊಳ್ಳುತ್ತಾರೆ. ಹೊಲದ ನಡುವಿನ ಬೆಟ್ಟ ಅಂತ (ಅ) ವಾಕ್ಯದಲ್ಲಿ ಬಂದರೆ ಹ್ಯಾಂಪ್‌ಶೈರ್‌ನಲ್ಲಿ ಭೂಕಂಪವಾದಂತೆ. ಆದರೆ ಹೋಲಿಕೆ ಬೆಲೆಯುಳ್ಳದ್ದು. ಸೊಪ್ಪಿನ ಬೆಟ್ಟದಲ್ಲೂ ಮುಖ್ಯ ಅಂಶ ಬೆಳೆಯಲ್ಲ, ಹಕ್ಕು ಮತ್ತು ಸರದಿ. ಯಾರು, ಯಾವಾಗ, ಎಷ್ಟು ಅನ್ನೋದು.

ಸಸೆಕ್ಸ್ ಸೋಮಾರಿ

ಹಕ್ಕು, ಸರದಿ ಅಂದಿದ್ದಕ್ಕೆ: ಎಂಟನೇ ಹೆನ್ರಿಯ ಕಾಲದಲ್ಲಿ, 1543ರಲ್ಲಿ, ಇದಕ್ಕೇ ಕಾನೂನು ಮಾಡಿದ್ದರು. ಕಾಪಿಸ್ ಕಡಿದಾಗ ಎಕರೆಗೆ 12 ದೊಡ್ಡ ಮರ ಬಿಡಲೇಬೇಕು, ಕಡಿದ ಜಾಗಕ್ಕೆ ಕೆಲವು ವರ್ಷ ದನ ಬಿಡದಂತೆ ಬೇಲಿ ಹಾಕಬೇಕು. ಹಡಗಿನ ಮರಕ್ಕೆ ರಾಜನ ಕಣ್ಣು ಆ ಓಕ್ ಮೇಲಿತ್ತು.

ಸಫೊಕ್‌ನ ಬ್ರಾಡ್‌ಫೀಲ್ಡ್ ವುಡ್ಸ್‌ನಲ್ಲಿ 1252ರಿಂದ ಈ ಕಡಿತದ ದಾಖಲೆ ಇದೆ, ಇವತ್ತಿಗೂ ನಡೆಯುತ್ತಿದೆ. ಸಾಮರ್ಸೆಟ್ ಜೌಗಿನಲ್ಲಿ ಸಿಕ್ಕ ‘ಸ್ವೀಟ್ ಟ್ರ್ಯಾಕ್’ ಎಂಬ ಮರದ ಕಾಲುದಾರಿಯ ಮರ ಕಡಿದದ್ದು ಕ್ರಿಸ್ತಪೂರ್ವ 3807-3806ರಲ್ಲಿ ಅಂತ ವಾರ್ಷಿಕ ಉಂಗುರ ಎಣಿಸಿ ಹೇಳಿದ್ದಾರೆ. ಅದರ ಗಳಗಳಲ್ಲೂ ಬೊಡ್ಡೆಯಿಂದ ಎದ್ದ ನೇರ ಕೋಲಿನ ಲಕ್ಷಣ ಕಾಣುತ್ತದೆ. ಕಾಡು ಕಡಿದರೆ ಕಾಡು ಹೋಯಿತು ಅನ್ನೋ ನಮ್ಮ ಸಾಮಾನ್ಯ ಲೆಕ್ಕ ಇಲ್ಲಿ ತಲೆಕೆಳಗು. ಕಬ್ಬಿಣದ ಕುಲುಮೆಗಳಿಗೆ ಇದ್ದಿಲು ಬೇಕಾದ ಕಡೆ ಕಾಪಿಸ್ ಉಳಿಯಿತು, ಯಾಕೆಂದರೆ ಮುಂದಿನ ಸರದಿಗೂ ಇದ್ದಿಲು ಬೇಕಿತ್ತು. ಕಾಡಿನ ಇತಿಹಾಸ ಬರೆದ ಆಲಿವರ್ ರಾಕಮ್ ಪಟ್ಟು ಹಿಡಿದು ಹೇಳುತ್ತಿದ್ದ ಮಾತಿದು. ರೈಲು ಬಂದು ಕಲ್ಲಿದ್ದಲು ಅಗ್ಗವಾದ ಮೇಲೆ ಕಡಿಯುವವರಿಲ್ಲದೆ ಕಾಪ್ಸ್ ಕೆಟ್ಟವು.

ಕೆಡುವುದು ಹೇಗೆ ಅಂದರೆ, 40-50 ವರ್ಷ ಕತ್ತಿ ಬೀಳದಿದ್ದರೆ ಕೋಲು ಮರವಾಗಿ ಭಾರಕ್ಕೆ ಬೊಡ್ಡೆ ಸೀಳುತ್ತದೆ. ನೆರಳು ಮುಚ್ಚಿ ಹೇಜಲ್ ಒಣಗುತ್ತದೆ. ಆಮೇಲೆ ಕಡಿದರೂ ಎಲ್ಲ ಬೊಡ್ಡೆ ಏಳುವುದಿಲ್ಲ. ಇನ್ನೊಂದು ಕಾಟ ಜಿಂಕೆ. ಮೊದಲೆರಡು ವರ್ಷ ಚಿಗುರನ್ನು ಮೇಯ್ದು ಮೇಯ್ದು ಬೊಡ್ಡೆಯ ಗಂಟು ಖಾಲಿ ಮಾಡಿಬಿಡುತ್ತವೆ. 1.8 ಮೀಟರ್ ಎತ್ತರದ ಬಲೆ ಬೇಲಿ, ಇಲ್ಲವೇ ಕಡಿದ ಕೊಂಬೆರಾಶಿಯನ್ನೇ ಒಡ್ಡಿದ ಬೇಲಿ. ಮೇಲಿನ ದೊಡ್ಡ ಮರಗಳ ನೆರಳು ಮೂರರಲ್ಲೊಂದು ಪಾಲು ಮೀರಿದರೂ ಕೆಳಗಿನದು ಸೊರಗುತ್ತದೆ.

ಬೊಡ್ಡೆ ಸತ್ತು ತೆರಪು ಬಿದ್ದರೆ ಹೊಸ ಸಸಿ ನೆಡುವುದಕ್ಕಿಂತ ಪಕ್ಕದ ಬೊಡ್ಡೆಯ ಒಂದು ಕೋಲನ್ನು ಬಗ್ಗಿಸಿ, ಅಡಿಯಲ್ಲಿ ಕಚ್ಚು ಹಾಕಿ, ಗೂಟ ಹೊಡೆದು ಮಣ್ಣು ಮುಚ್ಚುವುದು ಸುಲಭ. ಮಲ್ಲಿಗೆಗೆ ಮಾಡುವ ಹಾಗೆಯೇ. ಬೇರು ಬಿಟ್ಟ ಮೇಲೆ ತಾಯಿಯಿಂದ ಬಿಡಿಸುವುದು.

ಹಿಪ್ಪುನೇರಳೆ

ಕಡಿದ ಜಾಗದಲ್ಲಿ ಹೂ ಬರುತ್ತದಂತಲ್ಲ, ನೀಲಿ ಹೂ?

ಸಸೆಕ್ಸ್ ಸೋಮಾರಿ

ಬ್ಲೂಬೆಲ್, ಪ್ರಿಮ್‌ರೋಸ್. ಬೆಳಕು ಬಿದ್ದ ಮುಂದಿನ ಒಂದೆರಡು ವಸಂತದಲ್ಲಿ ನೆಲ ತುಂಬ. ಪಟ್ಟೆ ಪಟ್ಟೆಯಾಗಿ ಬೇರೆ ಬೇರೆ ವಯಸ್ಸು ಇರುವುದರಿಂದ ಡಾರ್ಮೌಸ್ ಎಂಬ ಪುಟ್ಟ ಇಲಿಯಂಥ ಪ್ರಾಣಿಗೂ ನೈಟಿಂಗೇಲ್ ಹಕ್ಕಿಗೂ ಜಾಗ ಸಿಗುತ್ತದೆ. ಒಂದು ಪಟ್ಟೆ ಮುಚ್ಚಿದರೆ ಪಕ್ಕದ್ದು ತೆರೆದಿರುತ್ತದೆ.

ನೇರ ಮಾತು

ವಿಷಯ ಎಲ್ಲೋ ಹೋಯ್ತು. ಪದಕ್ಕೆ ಬರೋಣ. ವುಡ್, ವುಡ್ಸ್, ಫಾರೆಸ್ಟ್, ಗ್ರೋವ್, ಥಿಕೆಟ್, ಸ್ಪಿನಿ ಇವೆಲ್ಲದರ ನಡುವೆ ಕಾಪ್ಸ್ ಎಲ್ಲಿ ಕೂರುತ್ತದೆ? ಅಳತೆಯ ಮೇಲಾ?

ಪದಕೋಶ ಪ್ರಿಯ

ಅಳತೆ ಮೇಲಲ್ಲ, ಅದೇ ಗೊಂದಲದ ಮೂಲ. ಇಂಗ್ಲೆಂಡಿನ ನಕ್ಷೆಗಳಲ್ಲಿ ‘ಕಾಪ್ಸ್’ ಅಂತ ಹೆಸರಿರುವ ಕೆಲವು ಜಾಗ ಹತ್ತಾರು ಎಕರೆ ಇವೆ, ‘ವುಡ್’ ಅಂತಿರುವ ಕೆಲವು ಅದಕ್ಕಿಂತ ಚಿಕ್ಕವು. ಹೆಸರು ಊರಿನ ರೂಢಿ. ಹ್ಯಾಂಪ್‌ಶೈರ್, ಸಸೆಕ್ಸ್ ಕಡೆ ಕಾಪ್ಸ್ ಹೆಚ್ಚು. ಲೆಸ್ಟರ್‌ಶೈರ್ ಸುತ್ತ ಸ್ಪಿನಿ. ಅದರ ಬೇರು ‘ಮುಳ್ಳು’, ನರಿ ಬೇಟೆಗೆ ಅಂತಲೇ ಬೆಳೆಸಿದ್ದು ಎಷ್ಟೋ. ಹೊಲದ ಅಂಚಿಗೆ ಉದ್ದುದ್ದ ಬಿಟ್ಟ ಪಟ್ಟೆಗೆ ಕೆಂಟ್, ಸಸೆಕ್ಸ್‌ನಲ್ಲಿ ಶಾ. ಕಡಿದಾದ ಇಳಿಜಾರಿನಲ್ಲಿ ನೇತುಬಿದ್ದಂತಿರುವ ಕಾಡು ಹ್ಯಾಂಗರ್ (ಬಟ್ಟೆ ಹಾಕಬೇಡಿ). ಜೌಗಿನ ಆಲ್ಡರ್ ಕಾಡು ಕಾರ್. ಥಿಕೆಟ್ ಅಂದರೆ ಒತ್ತು ಪೊದೆ, ಮನುಷ್ಯನ ಕೈ ಬೇಕಿಲ್ಲ. ನಮ್ಮ ‘ಮಟ್ಟಿ’ ಚೆನ್ನಾಗಿ ಒಪ್ಪುತ್ತದೆ.

ಫಾರೆಸ್ಟ್ ಇನ್ನೂ ಮೋಸಗಾರ. ಅದು ಮೊದಲು ಕಾನೂನಿನ ಪದ, ರಾಜನ ಬೇಟೆಗೆ ಮೀಸಲಿಟ್ಟ, ಬೇರೆ ಕಾನೂನು ನಡೆಯುವ ನೆಲ. ದೊರೆ ವಿಲಿಯಂ 1079ರಲ್ಲಿ ಮೀಸಲಿಟ್ಟ ನ್ಯೂ ಫಾರೆಸ್ಟ್‌ನ ದೊಡ್ಡ ಭಾಗ ಈಗಲೂ ಬಯಲು ಹುಲ್ಲು, ಕುರುಚಲು. ಡಾರ್ಟ್‌ಮೂರ್ ಫಾರೆಸ್ಟ್‌ನಲ್ಲಿ ಮರ ಹುಡುಕಬೇಕು. ನಮ್ಮಲ್ಲೂ ಕಡತದ ‘ಅರಣ್ಯ’ಕ್ಕೂ ಬಾಯಿಮಾತಿನ ‘ಕಾಡಿ’ಗೂ ಇರುವ ಅಂತರ ಇದೇ ಜಾತಿಯದ್ದು. ಅಂದಹಾಗೆ ‘ಜಂಗಲ್’ ಪದದ್ದು ಇದಕ್ಕಿಂತ ತಮಾಷೆ. ಆಯುರ್ವೇದದ ‘ಜಾಂಗಲ’ ದೇಶ ಅಂದರೆ ನೀರು ಕಡಿಮೆ, ಮರ ವಿರಳ ಇರುವ ಒಣನೆಲ. ಅದು ಇಂಗ್ಲಿಷ್‌ಗೆ ಹೋಗಿ ದಟ್ಟ ಮಳೆಕಾಡಾಯಿತು.

ವುಡ್ ಅಂತ ಏಕವಚನದಲ್ಲಿ, ಹೆಸರಿಟ್ಟು, ಗಡಿ ಗೊತ್ತಿದ್ದು ಹೇಳುವುದು ಬ್ರಿಟಿಷ್ ರೂಢಿ. ಅಮೆರಿಕದಲ್ಲಿ ವುಡ್ಸ್.

ಬೊಡ್ಡೆ ಚಿಗುರು

ಅಳತೆ ಬೇಕೆಂದರೆ ಅದು ಸರ್ಕಾರಿ ಲೆಕ್ಕದಲ್ಲಿದೆ, ಪದದಲ್ಲಲ್ಲ. ಬ್ರಿಟನ್ನಿನ ರಾಷ್ಟ್ರೀಯ ಅರಣ್ಯ ಗಣತಿಗೆ ಕನಿಷ್ಠ 0.5 ಹೆಕ್ಟೇರ್, 20 ಮೀಟರ್ ಅಗಲ, ಶೇ. 20 ನೆರಳು ಬೇಕು. ಭಾರತದ ಅರಣ್ಯ ಸಮೀಕ್ಷೆಯವರಿಗೆ 1 ಹೆಕ್ಟೇರ್, ಶೇ. 10 ನೆರಳು. ಎಷ್ಟೋ ಕಾಪ್ಸ್ ಈ ಎರಡೂ ಜರಡಿಯಲ್ಲಿ ಕೆಳಗೆ ಉದುರಿಹೋಗುತ್ತವೆ, ನಮ್ಮ ಎಷ್ಟೋ ಗುಂಡುತೋಪುಗಳ ಹಾಗೆ.

ತರ್ಜುಮೆ ಮೇಜು

ಉಚ್ಚಾರದ ಅನುಮಾನ ಒಂದು. ಕನ್ನಡ ಲಿಪಿಯಲ್ಲಿ ‘ಕಾಪ್ಸ್’ ಅಂತ ಹಾಗೇ ಉಳಿಸಿದರೆ ಓದುಗರು ಪೊಲೀಸರು ಅಂದುಕೊಳ್ಳುವುದಿಲ್ಲವೇ?

ಪದಕೋಶ ಪ್ರಿಯ

ಅಂದುಕೊಳ್ಳುತ್ತಾರೆ, ತಪ್ಪೂ ಅವರದ್ದಲ್ಲ. ಇಂಗ್ಲಿಷ್‌ನಲ್ಲೇ ಎರಡರ ಉಚ್ಚಾರ ಒಂದೇ, ಕಾಗುಣಿತ ಮಾತ್ರ ಬೇರೆ. ಹೆಣ ಅನ್ನೋ ಅರ್ಥದ ‘ಕಾರ್ಪ್ಸ್’ ಬ್ರಿಟಿಷರ ಬಾಯಲ್ಲಿ ರಕಾರ ಕಳೆದುಕೊಂಡು ಹತ್ತಿರ ಬರುತ್ತದೆ, ಸ್ವರ ಮಾತ್ರ ಉದ್ದ. ಸೇನೆಯ ‘ಕೋರ್’ ಕಾಗುಣಿತದಲ್ಲಿ ಹತ್ತಿರ, ಕಿವಿಗೆ ದೂರ. ‘ಪೊಲೀಸರಲ್ಲಿ ಹೆಣ’ ಆಗುವುದಕ್ಕಿಂತ ಕನ್ನಡ ಪದವೇ ಮೇಲು.

ಸಿರ್ಸಿ ಸೊಪ್ಪು

ಕಬ್ಬಿಗೆ ಕೂಳೆ ಅನ್ನುತ್ತೇವೆ. ಕಡಿದ ಬುಡದಿಂದ ಎದ್ದ ಎರಡನೇ ಬೆಳೆ ‘ಕೂಳೆ ಕಬ್ಬು’. ‘ಕೂಳೆಗಾಡು’ ಅಂದರೆ?

ಹಿಪ್ಪುನೇರಳೆ

ಚೆನ್ನಾಗಿದೆ, ಆದರೆ ಕೂಳೆ ಅಂದ ತಕ್ಷಣ ರೈತರ ತಲೆಗೆ ಬರೋದು ಇಳುವರಿ ಇಳಿಯೋದು. ಎರಡು ಮೂರು ಕೂಳೆ ಆದ ಮೇಲೆ ಕಿತ್ತು ಹೊಸದಾಗಿ ನಾಟಿ. ಇಲ್ಲಿ ನೂರಾರು ವರ್ಷ ಅದೇ ಬೊಡ್ಡೆ.

ಪದಕೋಶ ಪ್ರಿಯ

‘ಕೊನರು’ ಇದೆಯಲ್ಲ. ಕೊರಡೂ ಕೊನರುತ್ತದೆ ಅನ್ನೋ ಮಾತು ಎಲ್ಲರಿಗೂ ಗೊತ್ತು. ‘ಕೊನರುಗಾಡು’.

ಬೊಡ್ಡೆ ಚಿಗುರು

ಕಿವಿಗೆ ಇಂಪು, ಆದರೆ ಅರ್ಥ ಜಾರುತ್ತದೆ. ಕೊರಡು ಕೊನರುವುದು ಪವಾಡ, ಒಣಮರ ಚಿಗುರಿದ್ದು. ಬೊಡ್ಡೆ ಚಿಗುರುವುದು ಪವಾಡವಲ್ಲ, ಲೆಕ್ಕ. ಹ್ಯಾಂಪ್‌ಶೈರ್ ಕೂಲಿಯಾಳಿನ ಬಾಯಿಗೆ ವಚನದ ಪದ ಹಾಕಿದಂತಾಗುತ್ತದೆ. ‘ಗಳಗಾಡು’ ಅಥವಾ ‘ಕೋಲುಗಾಡು’ ಹೇಗೆ? ಅಲ್ಲಿ ಸಿಗುವ ವಸ್ತುವಿನ ಹೆಸರು. ಮೊದಲ ಸಲ ಬಂದಾಗ ‘ಬುಡಕ್ಕೆ ಕಡಿದು ಮತ್ತೆ ಮತ್ತೆ ಕೋಲು ಬೆಳೆಸುವ ಕಾಡು’ ಅಂತ ವಾಕ್ಯದಲ್ಲೇ ಒಂದು ಸಾಲು ಬಿಡಿಸಿಬಿಟ್ಟರೆ ಅಡಿಟಿಪ್ಪಣಿ ಬೇಕಾಗುವುದಿಲ್ಲ.

ನೇರ ಮಾತು

(ಅ) ವಾಕ್ಯಕ್ಕೂ ಕೋಲುಗಾಡು ಹಾಕಬೇಡಿ ದಯವಿಟ್ಟು. ಗುಡ್ಡದ ಮೇಲಿಂದ ನೋಡುವವನಿಗೆ ಕೋಲು ಕಾಣಲ್ಲ, ಮೇಲಿನ ಓಕ್ ತಲೆ ಕಾಣುತ್ತದೆ.

ತರ್ಜುಮೆ ಮೇಜು

ಒಪ್ಪಿದೆ. ಸದ್ಯಕ್ಕೆ ಹೀಗೆ:

ಅ) ಗುಡ್ಡದ ಮೇಲಿಂದ ಹೊಲಗಳ ನಡುವೆ ಒಂದು ತುಂಡು ಕಾಡು ಕಾಣುತ್ತಿತ್ತು.
ಆ) ಚಳಿಗಾಲ ಹಿಡಿಯಿತು, ಆಳುಗಳೆಲ್ಲ ಕೋಲುಗಾಡಿನ ಕಡಿತಕ್ಕೆ ಹೋಗಿದ್ದರು.
ಇ) ಆ ಪಟ್ಟೆ ಕಡಿದು ಏಳು ವರ್ಷ ತುಂಬಿತ್ತು. ನಿಂತ ಕೋಲನ್ನು ಹರಾಜಿಗಿಟ್ಟರು.

‘ಕೂಪು’ ಮನಸ್ಸಿಗೆ ಹಿಡಿಸಿತ್ತು, ಆದರೆ ಬಯಲುಸೀಮೆಯ ಓದುಗರು ಬಾವಿ ಹರಾಜು ಅಂದುಕೊಂಡಾರು ಅಂತ ‘ಪಟ್ಟೆ’ಗೆ ನಿಂತೆ. ಹರಾಜಿನಲ್ಲಿ ಕೊಂಡವನು ‘ಹರ್ಡಲ್’ ಮಾಡುವವನು ಅಂತ ಮುಂದಿನ ಸಾಲು. ‘ಬೇಲಿ ಕಟ್ಟುವವ’ ಅಂತ ಬರೆದಿದ್ದೇನೆ.

ಸಸೆಕ್ಸ್ ಸೋಮಾರಿ

‘ತಟ್ಟಿ ಹೆಣೆಯುವವ’ ಮಾಡಿ. ಹರ್ಡಲ್ ಕಾಡಿನಲ್ಲೇ ತಯಾರಾಗುತ್ತದೆ, ಬೇಲಿ ಹೊಲದಲ್ಲಿ. ರಂಧ್ರ ಕೊರೆದ ಬಾಗಿದ ದಿಮ್ಮಿಯಲ್ಲಿ 9 ಅಥವಾ 10 ನಿಲುಗೋಲು ಸಿಕ್ಕಿಸಿ, ಸೀಳಿದ ಹೇಜಲ್ ಕೋಲನ್ನು ಅಡ್ಡಡ್ಡ ಹೆಣೆಯುತ್ತಾರೆ. ಅಂಚಿನ ಕೋಲಿನ ಹತ್ತಿರ ಬಂದಾಗ ಹೆಣಿಗೆಯ ಕೋಲನ್ನು ತಿರುಚಿ, ನಾರು ಬಿಡಿಸಿಕೊಳ್ಳುವಂತೆ ಮಾಡಿ ಹಿಂದಕ್ಕೆ ತಿರುಗಿಸಬೇಕು. ತಿರುಚದೆ ಬಗ್ಗಿಸಿದರೆ ಅಲ್ಲೇ ಮುರಿಯುತ್ತದೆ. ಅಗಲ ಸುಮಾರು 1.8 ಮೀಟರ್. ಕುರುಬರು ಇವನ್ನು ಹೊತ್ತು ಹೊಲದಿಂದ ಹೊಲಕ್ಕೆ ಸಾಗಿಸಿ ಕುರಿ ಹಟ್ಟಿ ಬದಲಾಯಿಸುತ್ತಿದ್ದರು.

ಮತ್ತೆ, (ಆ) ವಾಕ್ಯದ ನಂತರ ಆಳುಗಳು ‘ತೊಗಟೆ ಸುಲಿಯುತ್ತಿದ್ದರು’ ಅಂತ ಎಲ್ಲಾದರೂ ಬಂದಿದ್ದರೆ ಮೂಲವನ್ನು ಮತ್ತೊಮ್ಮೆ ನೋಡಿ. ಓಕ್ ತೊಗಟೆ ಬಿಡಿಸಿಕೊಳ್ಳುವುದು ರಸ ಏರುವ ವಸಂತದಲ್ಲಿ, ಏಪ್ರಿಲ್-ಮೇ ಹೊತ್ತಿಗೆ. ಚಳಿಗಾಲದಲ್ಲಿ ಅದು ಮರ ಬಿಟ್ಟು ಬರುವುದೇ ಇಲ್ಲ.

ತರ್ಜುಮೆ ಮೇಜು

ಬಂದಿದೆ, ಎರಡು ಪುಟ ಆದ ಮೇಲೆ. ಮೂಲದಲ್ಲಿ ಆ ಪ್ಯಾರಾ ಶುರುವಾಗೋದು ‘ಸ್ಪ್ರಿಂಗ್’ ಅಂತ. ನೀವೆಲ್ಲ ಹೆದರಿಸಿದ್ದರಿಂದ ಈಗಷ್ಟೇ ಅದನ್ನು ‘ಎಳೆ ಚಿಗುರುಗಾಡು’ ಅಂತ ತಿದ್ದಿಟ್ಟಿದ್ದೆ.

ಪದಕೋಶ ಪ್ರಿಯ

ವಾಪಸ್ ‘ವಸಂತ’ ಮಾಡಿ. ಹ್ಯಾಂಪ್‌ಶೈರ್ ದಕ್ಷಿಣದಲ್ಲಿದೆ.